ಬ್ಲಾಕ್ ಎಷ್ಟಿದೆ ಎಂಬುದಷ್ಟೇ ಸಾಲದು, ರಕ್ತ ಎಷ್ಟು ದಾಟುತ್ತಿದೆ ಎಂದೂ ಕೇಳಿ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯಿಂದ ಎದೆನೋವೆಂದು ಮೈಸೂರಿಗೆ ಬಂದು ಆಂಜಿಯೋಗ್ರಾಂ ಮಾಡಿಸಿದವರ ಮನೆಯವರು ಮೊದಲು ಕೇಳುವುದು, ‘ಎಷ್ಟು ಪರ್ಸೆಂಟ್ ಬ್ಲಾಕ್ ಇದೆಯಂತೆ?’ ಶೇ 90 ಎಂದರೆ ಸಾಮಾನ್ಯವಾಗಿ ಗೊಂದಲವಿಲ್ಲ. ಶೇ 40ರಿಂದ 70ರ ನಡುವೆ ಇದ್ದರೆ ಮಾತ್ರ ಕಷ್ಟ. ಆಂಜಿಯೋಗ್ರಾಂ ತೋರಿಸುವುದು ರಕ್ತನಾಳದ ನೆರಳನ್ನು. ಆ ನೆರಳು ನೋಡಿ ಒಬ್ಬ ವೈದ್ಯರು ಸ್ಟೆಂಟ್ ಬೇಕು ಎಂದಾರು, ಇನ್ನೊಬ್ಬರು ಬೇಡ ಎಂದಾರು. ಈ ಅನುಮಾನ ಬಗೆಹರಿಸಲೆಂದೇ, ಬ್ಲಾಕ್ ದಾಟಿ ರಕ್ತ ಎಷ್ಟು ಹರಿಯುತ್ತಿದೆ ಎಂದು ಹೇಳುವ ಎಫ್‌ಎಫ್‌ಆರ್ ಎಂಬ ಅಳತೆ ಇದೆ.

ಒಂದು ಎಚ್ಚರಿಕೆ ಮೊದಲೇ ಹೇಳಬೇಕು. ಎದೆ ಹಿಂಡಿದಂತಾಗಿ, ಬೆವರು ಕಿತ್ತು, ನೋವು ಎಡಗೈಗೋ ದವಡೆಗೋ ಹರಿದರೆ ಅದು ಅಳತೆಯ ಹೊತ್ತಲ್ಲ. 108ಕ್ಕೆ ಕರೆ ಮಾಡಿ, ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ. ಹೃದಯ ಜ್ಯೋತಿ ಯೋಜನೆಯಡಿ ಬರುವ ಆಸ್ಪತ್ರೆಗಳಲ್ಲಿ ಹೆಪ್ಪು ಕರಗಿಸುವ ಚುಚ್ಚುಮದ್ದು ಉಚಿತ. ಪಿರಿಯಾಪಟ್ಟಣದಿಂದ ಮೈಸೂರಿಗೆ ಸುಮಾರು 70 ಕಿ.ಮೀ.; ಅಷ್ಟು ದೂರ ಸುಮ್ಮನೆ ಕಾರಿನಲ್ಲಿ ಕೂತು ಹೋಗುವುದು ಅಪಾಯ.

ಮುಂದಿನ ಮಾತೆಲ್ಲ ಏರು ಹತ್ತುವಾಗ, ಗದ್ದೆ ಕೆಲಸದಲ್ಲಿ ಎದೆ ಹಿಡಿದು, ಕೂತರೆ ಬಿಡುವವರಿಗೆ.

ಹೋಗುವ ಮುನ್ನ

ಹಳೆಯ ಇಸಿಜಿ, ಎಕೋ, ರಕ್ತಪರೀಕ್ಷೆಯ ರಿಪೋರ್ಟು, ನುಂಗುತ್ತಿರುವ ಮಾತ್ರೆಗಳ ಚೀಟಿ ಒಂದೇ ಚೀಲದಲ್ಲಿರಲಿ. ಉಬ್ಬಸ, ಕಿಡ್ನಿ ತೊಂದರೆ ಇದ್ದರೆ ಮೊದಲೇ ಹೇಳಿ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗುವವರು ಅದನ್ನೂ ತಿಳಿಸಿ. ಹಿಂದಿನ ದಿನದಿಂದಲೇ ಕಾಫಿ, ಟೀ ಬಿಡಿ. ಇದು ಸಣ್ಣ ವಿಷಯವಲ್ಲ: ಪರೀಕ್ಷೆಯಲ್ಲಿ ಕೊಡುವ ಅಡಿನೋಸಿನ್ ಔಷಧದ ಕೆಲಸವನ್ನು ಕಾಫಿಯಲ್ಲಿರುವ ಕೆಫೀನ್ ತಡೆಯುತ್ತದೆ, ಅಳತೆಯೇ ತಪ್ಪಬಹುದು.

ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಡಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಆಧಾರ್, ರೇಷನ್ ಕಾರ್ಡ್, ತಾಲ್ಲೂಕು ಆಸ್ಪತ್ರೆಯ ರೆಫರಲ್ ಪತ್ರ ಒಯ್ಯಿರಿ. ಅಳತೆಗೆ ಬಳಸುವ ತಂತಿ ದುಬಾರಿ; ಅದರ ಖರ್ಚು ಯೋಜನೆಯಲ್ಲಿ ಸೇರಿದೆಯೇ, ಆ ಸೌಲಭ್ಯ ಅಲ್ಲಿದೆಯೇ ಎಂದು ದಾಖಲಾಗುವ ಮೊದಲೇ ಕೇಳಿ. ಮೈಸೂರಿನ ಕೆಆರ್‌ಎಸ್ ರಸ್ತೆಯ ಜಯದೇವ ಆಸ್ಪತ್ರೆಗೆ ಹೋಗುವವರಾದರೂ ಕೇಳಿಯೇ ಹೋಗಿ.

ಒಳಗೆ ನಡೆಯುವುದು

ಮಣಿಕಟ್ಟು ಅಥವಾ ತೊಡೆಸಂದಿಯ ಮೂಲಕ ನಳಿಕೆ ಹೋಗುತ್ತದೆ. ಸಾಮಾನ್ಯವಾಗಿ ಆಂಜಿಯೋಗ್ರಾಂ ಮಾಡಿದ ದಾರಿಯೇ ಸಾಕು. ಅದರೊಳಗಿಂದ ಕೂದಲೆಳೆಯಂಥ ತಂತಿಯನ್ನು ಬ್ಲಾಕ್ ದಾಟಿಸುತ್ತಾರೆ. ತಂತಿಯ ತುದಿಯ ಬಳಿ ಒತ್ತಡ ಅಳೆಯುವ ಸೆನ್ಸರ್ ಇರುತ್ತದೆ. ನಂತರ ಅಡಿನೋಸಿನ್ ಕೊಟ್ಟು ರಕ್ತದ ಹರಿವನ್ನು ಗರಿಷ್ಠಕ್ಕೆ ಏರಿಸುತ್ತಾರೆ. ಆಗ ಎದೆ ಬಿಗಿದಂತೆ, ಉಸಿರು ಕಟ್ಟಿದಂತೆ, ಮುಖ ಬಿಸಿಯಾದಂತೆ ಅನ್ನಿಸುತ್ತದೆ. ಹೆದರಬೇಡಿ, ಔಷಧ ನಿಂತೊಡನೆ ಅದೂ ಹೋಗುತ್ತದೆ. ಒಟ್ಟು ಆಂಜಿಯೋಗ್ರಾಂ ಜತೆಗೆ ಇನ್ನೊಂದಿಷ್ಟು ನಿಮಿಷ.

ಲೆಕ್ಕ ಸರಳ. ತೂಬಿನ ಮೇಲೆ ನೀರು ಎಷ್ಟಿದೆ, ಕೆಳಗೆ ಎಷ್ಟು ಇಳಿಯುತ್ತಿದೆ ಎಂದು ನೋಡಿದಂತೆ. ಬ್ಲಾಕಿನ ಹಿಂದೆ ಒತ್ತಡ 90, ದಾಟಿದ ಮೇಲೆ 63 ಇದ್ದರೆ, 63ನ್ನು 90ರಿಂದ ಭಾಗಿಸಿ, ಅಳತೆ 0.70. ದಾಟಿದ ಮೇಲೂ 78 ಇದ್ದರೆ ಸುಮಾರು 0.87. 0.80 ಅಥವಾ ಅದಕ್ಕಿಂತ ಕಡಿಮೆ ಬಂದರೆ ಆ ಬ್ಲಾಕ್ ಹೃದಯಕ್ಕೆ ರಕ್ತದ ಕೊರತೆ ಮಾಡುತ್ತಿದೆ ಎಂದರ್ಥ, ಸ್ಟೆಂಟಿನ ಮಾತು ಬರುತ್ತದೆ. ಅದಕ್ಕಿಂತ ಮೇಲಿದ್ದರೆ ಸಾಮಾನ್ಯವಾಗಿ ಮಾತ್ರೆ ಸಾಕು. ಅಡಿನೋಸಿನ್ ಇಲ್ಲದೆ ಅಳೆಯುವ ಐಎಫ್‌ಆರ್ ವಿಧಾನವೂ ಉಂಟು. ಅಲ್ಲಿ ಗಡಿ 0.89.

ಈ ಅಳತೆಯ ಬೆಲೆ ಗೊತ್ತಾದದ್ದು 2009ರಲ್ಲಿ ಪ್ರಕಟವಾದ ‘ಫೇಮ್’ ಅಧ್ಯಯನದಿಂದ. ಅಮೆರಿಕ, ಯುರೋಪಿನ 1005 ರೋಗಿಗಳಲ್ಲಿ, ಅಳೆದು ಸ್ಟೆಂಟ್ ಹಾಕಿದವರಿಗೆ ಸರಾಸರಿ 1.9 ಸ್ಟೆಂಟ್ ಸಾಕಾಯಿತು, ಕಣ್ಣಂದಾಜಿನಲ್ಲಿ ಹಾಕಿದವರಿಗೆ 2.7. ಒಂದು ವರ್ಷದಲ್ಲಿ ಸಾವು, ಹೃದಯಾಘಾತ, ಮರುಚಿಕಿತ್ಸೆ ಸೇರಿ ತೊಂದರೆಗೊಳಗಾದವರು ಅಳೆದ ಗುಂಪಿನಲ್ಲಿ ಶೇ 13.2, ಇನ್ನೊಂದು ಗುಂಪಿನಲ್ಲಿ ಶೇ 18.3. ಕಡಿಮೆ ಸ್ಟೆಂಟ್, ಕಡಿಮೆ ತೊಂದರೆ. ನಮ್ಮ ರೋಗಿಗಳಿಗೂ ಇದು ಸಿಗಬೇಕು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಬಿಡುಗಡೆಯ ದಿನ

ರಿಪೋರ್ಟಿನಲ್ಲಿ ಯಾವ ರಕ್ತನಾಳ, ಅಳತೆ ಎಷ್ಟು ಎಂದು ಬರೆದಿದೆಯೇ ನೋಡಿ. ಆಂಜಿಯೋಗ್ರಾಂ ಸಿ.ಡಿ. ಕೇಳಿ ಪಡೆಯಿರಿ, ಬೇರೆ ವೈದ್ಯರಿಗೆ ತೋರಿಸಬೇಕಾದರೆ ಬೇಕಾಗುತ್ತದೆ. ಸ್ಟೆಂಟ್ ಬೇಡವೆಂದರೆ ಕಾಯಿಲೆ ಹೋಯಿತೆಂದಲ್ಲ. ಹೊಗೆಸೊಪ್ಪು ಬೆಳೆಯುವ ಈ ಸೀಮೆಯಲ್ಲಿ ಬೀಡಿ ಬಿಡುವುದು ಕಷ್ಟವೆಂದು ಬಲ್ಲೆ; ಆದರೂ ಬಿಡಿ. ವೈದ್ಯರು ಹೇಳುವವರೆಗೆ ಮಾತ್ರೆ ಮಾತ್ರ ಒಂದು ದಿನವೂ ನಿಲ್ಲಿಸಬೇಡಿ.