ಹಿಡಿದ ಕೋರ್ಸು ಹಿಡಿಸದಿದ್ದಾಗ



ಮಳೆಗಾಲದಲ್ಲಿ ಪೇಟೆಯ ಕಾಲೇಜಿಗೆ ಸೇರಿದ ಮಗನೋ ಮಗಳೋ ಸೆಪ್ಟೆಂಬರ್ 8ರ ತೆನೆ ಹಬ್ಬಕ್ಕೆ ಮನೆಗೆ ಬರುತ್ತಾರೆ. ಹೊಸ ಅಕ್ಕಿಯ ಊಟ ಮುಗಿದು ತಂದೆ ಜಗಲಿಗೆ ಹೋದ ಸಮಯ ನೋಡಿ, ತಾಯಿಯ ಹತ್ತಿರ ಮೆಲ್ಲನೆ ಮಾತು ತೆಗೆಯುತ್ತಾರೆ: "ಅಮ್ಮ, ನನಗೆ ಈ ಕೋರ್ಸು ಬೇಡ. ಅಪ್ಪನಿಗೆ ನೀನೇ ಹೇಳು." ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಮನೆಗಳಲ್ಲಿ ಈ ಮಾತು ಕೇಳಿದ ತಾಯಂದಿರು ಹಲವರಿದ್ದಾರೆ. ತಂದೆಯ ಉತ್ತರವೂ ನಮಗೆ ಗೊತ್ತಿರುವುದೇ: "ಸೇರುವಾಗ ಬುದ್ಧಿ ಎಲ್ಲಿಗೆ ಹೋಗಿತ್ತು?"

ತಂದೆಯ ಸಿಟ್ಟಿಗೂ ಕಾರಣವಿದೆ. ಇತ್ತೀಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗ ಬಂದು ಅಡಿಕೆ ತೋಟಗಳು ಸೊರಗಿವೆ. ಹಾಸ್ಟೆಲಿಗೆ, ಫೀಸಿಗೆ ಕೊಟ್ಟ ಹಣ ಸೊಸೈಟಿಯ ಸಾಲವೋ ಒತ್ತೆ ಇಟ್ಟ ಬಂಗಾರವೋ ಆಗಿರಬಹುದು. ಆದರೆ ಸೇರುವಾಗ ಬುದ್ಧಿ ಉಪಯೋಗಿಸಲು ಮಗುವಿಗೆ ಎಷ್ಟು ಅವಕಾಶವಿತ್ತು ಎಂಬುದನ್ನೂ ಕೇಳಿಕೊಳ್ಳೋಣ. ಪಿಯುಸಿ ಫಲಿತಾಂಶ ಬಂದು ಅರ್ಜಿ ಹಾಕುವವರೆಗಿನ ಕೆಲವೇ ದಿನಗಳಲ್ಲಿ ಚಿಕ್ಕಪ್ಪ ಒಂದು ಹೇಳಿದರು, ಪಕ್ಕದ ಮನೆಯವರು ಇನ್ನೊಂದು ಹೇಳಿದರು, ಬೆಂಗಳೂರಿನಲ್ಲಿರುವ ದೊಡ್ಡಮ್ಮನ ಮಗ ಫೋನಿನಲ್ಲಿ ಮತ್ತೊಂದು ಹೇಳಿದ. ಹದಿನೆಂಟರ ಹುಡುಗ ತಲೆಯಾಡಿಸಿದ. ತಲೆಯಾಡಿಸಿದ್ದನ್ನೇ ನಾವು ಒಪ್ಪಿಗೆ ಎಂದು ತಿಳಿದೆವು.

ಹಿಡಿದ ಓದನ್ನು ಬಿಡುವುದು ಕೊಟ್ಟ ಮಾತಿಗೆ ತಪ್ಪಿದಂತೆ ಎಂಬ ಭಾವನೆ ನಮ್ಮಲ್ಲಿದೆ. ಈ ಬಗ್ಗೆ ಲೊಯೋಲದ ಸಂತ ಇಗ್ನೇಷಿಯಸರು ತಮ್ಮ 'ಆಧ್ಯಾತ್ಮಿಕ ಸಾಧನೆ'ಗಳಲ್ಲಿ ಒಂದು ಸ್ಪಷ್ಟವಾದ ಗೆರೆ ಎಳೆದಿದ್ದಾರೆ. ಆಯ್ಕೆಗಳಲ್ಲಿ ಎರಡು ಬಗೆ. ವಿವಾಹ, ಯಾಜಕದೀಕ್ಷೆ ಮೊದಲಾದವು ಒಮ್ಮೆ ಮಾಡಿದ ಮೇಲೆ ಬದಲಿಸಲಾಗದವು. ಉಳಿದವು ಬದಲಿಸಬಹುದಾದವು. ಬಿ.ಎಸ್ಸಿ., ಬಿ.ಕಾಂ., ಇಂಜಿನಿಯರಿಂಗ್ ಎಲ್ಲವೂ ಈ ಎರಡನೆಯ ಸಾಲಿಗೆ ಸೇರಿದವು. ಬದಲಿಸಬಹುದಾದ ಆಯ್ಕೆಯನ್ನು ಸರಿಯಾಗಿ ಮಾಡಿರದಿದ್ದರೆ ಅದನ್ನು ಸರಿಯಾಗಿ ಮಾಡಿಕೊಳ್ಳುವುದು ಒಳ್ಳೆಯದೇ ಎಂಬುದು ಸಂತರ ಅಭಿಪ್ರಾಯ. ಹೀಗಿರುವಾಗ ಬಿ.ಎಸ್ಸಿ. ಬಿಟ್ಟ ಹುಡುಗನನ್ನು ಸಂಸಾರ ಬಿಟ್ಟವನಂತೆ ನೋಡುವ ನಮ್ಮ ರೂಢಿಗೆ ಆಧಾರವೇನು?

ಸಂತರು ಇದನ್ನು ಬರಿದೇ ಬೋಧಿಸಿದವರಲ್ಲ. 1526ರಲ್ಲಿ ಸ್ಪೇನಿನ ಅಲ್ಕಲಾ ವಿಶ್ವವಿದ್ಯಾಲಯಕ್ಕೆ ಹೋದ ಅವರು ಅವಸರದಲ್ಲಿ ತರ್ಕ, ಪ್ರಕೃತಿಶಾಸ್ತ್ರ, ದೈವಶಾಸ್ತ್ರ ಎಲ್ಲವನ್ನೂ ಒಟ್ಟೊಟ್ಟಿಗೆ ಕಲಿಯಲು ಹೊರಟರು. ಯಾವುದೂ ತಳವೂರಲಿಲ್ಲ. 1528ರಲ್ಲಿ ಪ್ಯಾರಿಸ್ ತಲುಪಿದಾಗ ಅಡಿಪಾಯವೇ ಗಟ್ಟಿಯಿಲ್ಲ ಎಂದು ಕಂಡುಕೊಂಡು, ತಮ್ಮ 37ರ ಹರೆಯದ ಸುಮಾರಿಗೆ ಮೊಂತೇಗು ಕಾಲೇಜಿನಲ್ಲಿ ಚಿಕ್ಕ ಹುಡುಗರ ನಡುವೆ ಕುಳಿತು ಲತೀನ್ ಭಾಷೆಯನ್ನು ಮತ್ತೆ ಮೊದಲಿನಿಂದ ಕಲಿತರು. ಎಂ.ಎ. ಪದವಿ ಕೈಗೆ ಬಂದಾಗ 1535. ನಮ್ಮಲ್ಲಿ ಒಂದು ವರ್ಷ ಹಿಂದೆ ಬಿದ್ದರೆ "ಜೀವನ ಹಾಳಾಯಿತು" ಎನ್ನುತ್ತೇವೆ.

ಆದ್ದರಿಂದ ಬದಲಿಸಬಹುದೇ ಎಂಬುದು ದೊಡ್ಡ ಪ್ರಶ್ನೆಯಲ್ಲ. ನೋವು ಎಲ್ಲಿದೆ ಎಂಬುದನ್ನು ಮೊದಲು ಹುಡುಕಬೇಕು.

ಪ್ಯಾರಿಸಿನಲ್ಲಿ ಇಗ್ನೇಷಿಯಸರಿಗೆ ಇನ್ನೊಂದು ಕಷ್ಟ ಬಂತು. ನಂಬಿ ಕೊಟ್ಟಿದ್ದ ಹಣವನ್ನು ಜೊತೆಗಾರನೊಬ್ಬ ಖರ್ಚು ಮಾಡಿಬಿಟ್ಟ. ಬಾಡಿಗೆ ಕೊಡಲಾಗದೆ ಅವರು ಕಾಲೇಜಿನಿಂದ ದೂರದ ಒಂದು ಧರ್ಮಛತ್ರ ಸೇರಿದರು. ಅದರ ಬಾಗಿಲು ಬೆಳಕು ಹರಿದ ಮೇಲೆ ತೆರೆಯುತ್ತಿತ್ತು, ಪಾಠ ಅದಕ್ಕೂ ಮೊದಲೇ ಆರಂಭವಾಗುತ್ತಿತ್ತು. ಪಾಠ ತಪ್ಪಿದ್ದು ವಿಷಯ ಕಠಿಣವೆಂದಲ್ಲ, ಛತ್ರದ ಬಾಗಿಲಿನಿಂದ. ಅವರು ಓದನ್ನು ಬದಲಿಸಲಿಲ್ಲ. ರಜೆಯಲ್ಲಿ ಫ್ಲಾಂಡರ್ಸಿಗೆ ಹೋಗಿ ಅಲ್ಲಿನ ಸ್ಪೇನಿನ ವರ್ತಕರಲ್ಲಿ ಸಹಾಯ ಬೇಡಿ, ವರ್ಷದ ಖರ್ಚಿಗೆ ದಾರಿ ಮಾಡಿಕೊಂಡರು.

ನಮ್ಮ ಮಕ್ಕಳ ಛತ್ರದ ಬಾಗಿಲು ಯಾವುದು? ಸಾಗರ, ಹೊಸನಗರ, ತೀರ್ಥಹಳ್ಳಿಗಳಿಂದ ಶಿವಮೊಗ್ಗಕ್ಕೆ ಸುಮಾರು 60ರಿಂದ 70 ಕಿಲೋಮೀಟರ್. ಹಳ್ಳಿಯಿಂದ ತಾಲ್ಲೂಕು ಪೇಟೆಗೆ ಬರುವುದು ಬೇರೆ. ದಿನವೂ ಬಸ್ಸಿನಲ್ಲಿ ಹೋಗಿಬರುವವರಿಗೆ ಮೊದಲ ಪೀರಿಯಡ್ ಸಿಗುವುದೇ ಅಪರೂಪ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಇಂಗ್ಲಿಷಿನ ಪಾಠ ಮೊದಲ ಮೂರು ನಾಲ್ಕು ತಿಂಗಳು ಗೋಡೆಯಂತೆ ಕಾಣುತ್ತದೆ. ಆಗುಂಬೆ ಅಥವಾ ಹುಲಿಕಲ್ ಘಾಟಿ ಇಳಿದು ಉಡುಪಿ, ಮಂಗಳೂರು ಸೇರಿದವರಿಗೆ ಸೆಖೆ, ಹಾಸ್ಟೆಲ್ ಊಟ, ಒಂಟಿತನ. ಇಂತಹ ನೋವಿಗೆ ಕೋರ್ಸು ಬದಲಿಸುವುದು ಔಷಧವಲ್ಲ, ಬಿ.ಎ.ಗೆ ಹೋದರೂ ಬಸ್ಸು ಅದೇ. ಇಲ್ಲಿ ಬೇಕಾದದ್ದು ಕಾಲೇಜಿನ ಹತ್ತಿರ ಒಂದು ಕೊಠಡಿ, ಭಾಷೆಗೆ ಒಂದಿಷ್ಟು ಸಹಾಯ, ವಾರಕ್ಕೊಂದು ಫೋನು.

ಆದರೆ ಪಾಠ ಅರ್ಥವಾಗುತ್ತದೆ, ಅಂಕವೂ ಬರುತ್ತದೆ, ಆದರೂ ಪುಸ್ತಕ ಮುಟ್ಟಲು ಮನಸ್ಸಿಲ್ಲ. ಬೇರೊಂದು ವಿಷಯದ ಪುಸ್ತಕ ಸಿಕ್ಕರೆ ಊಟ ಮರೆಯುತ್ತಾನೆ ಎಂದಾದರೆ, ಅದು ಬೇರೆ ಮಾತು. ಅಲ್ಲಿ ಬದಲಾವಣೆಯನ್ನು ಗಂಭೀರವಾಗಿ ಯೋಚಿಸಬೇಕು.

ಇನ್ನು ಯಾವಾಗ ನಿರ್ಧರಿಸಬೇಕು? ಮನಸ್ಸು ಕತ್ತಲಲ್ಲಿರುವಾಗ ಹಿಂದಿನ ನಿರ್ಧಾರವನ್ನು ಬದಲಿಸಬೇಡಿ ಎಂಬುದು ಇಗ್ನೇಷಿಯಸರ ಪ್ರಸಿದ್ಧ ನಿಯಮ. ಟೆಸ್ಟಿನಲ್ಲಿ ಕಡಿಮೆ ಅಂಕ ಬಂದ ರಾತ್ರಿ, ಗೆಳೆಯರು ಹಂಗಿಸಿದ ದಿನ ಅಂತಹ ನಿರ್ಧಾರಕ್ಕೆ ಸೂಕ್ತವಲ್ಲ. ಮನಸ್ಸು ತಿಳಿಯಾಗಿರುವಾಗ ಹಾಳೆಯೊಂದರಲ್ಲಿ ಈ ಕೋರ್ಸಿನಲ್ಲಿ ಉಳಿದರೆ ಆಗುವ ಲಾಭ ನಷ್ಟ, ಬಿಟ್ಟರೆ ಆಗುವ ಲಾಭ ನಷ್ಟ ಎರಡನ್ನೂ ಬರೆಯಿರಿ. ಗುರುತೇ ಇಲ್ಲದ ಒಬ್ಬರು ಇದೇ ತೊಂದರೆ ಹೇಳಿಕೊಂಡು ಬಂದರೆ ಅವರಿಗೆ ಯಾವ ಸಲಹೆ ಕೊಡುವಿರಿ ಎಂದು ಕೇಳಿಕೊಳ್ಳಿ. ಇವೆರಡೂ ಅವರೇ ಹೇಳಿಕೊಟ್ಟ ದಾರಿಗಳು.

ಆದರೆ ಕಾಲೇಜಿನ ಕ್ಯಾಲೆಂಡರು ನಮ್ಮ ಮನಸ್ಸು ತಿಳಿಯಾಗುವವರೆಗೆ ಕಾಯುವುದಿಲ್ಲ. ಈ ಇಕ್ಕಟ್ಟನ್ನು ಪ್ರತಿ ಕುಟುಂಬವೂ ತಿಳಿದಿರಬೇಕು. ವಿಶ್ವವಿದ್ಯಾಲಯ ಧನಸಹಾಯ ಆಯೋಗ, ಅಂದರೆ ಯು.ಜಿ.ಸಿ., 2018ರಲ್ಲಿ ಹೊರಡಿಸಿದ ಸೂಚನೆಯ ಪ್ರಕಾರ, ಪ್ರವೇಶಕ್ಕೆ ಪ್ರಕಟಿಸಿದ ಕೊನೆಯ ದಿನಕ್ಕಿಂತ 15 ದಿನ ಅಥವಾ ಹೆಚ್ಚು ಮೊದಲೇ ಸೀಟು ಬಿಟ್ಟರೆ ಸಣ್ಣ ಸಂಸ್ಕರಣಾ ಶುಲ್ಕ ಕಳೆದು ಪೂರ್ತಿ ಹಣ ವಾಪಸು ಬರಬೇಕು. ಆ 15 ದಿನಗಳೊಳಗೆ ಬಿಟ್ಟರೆ ಶೇಕಡ 90. ಕೊನೆಯ ದಿನ ಕಳೆದು 15 ದಿನಗಳವರೆಗೆ ಶೇಕಡ 80, 30 ದಿನಗಳವರೆಗೆ ಶೇಕಡ 50, ಅಲ್ಲಿಂದಾಚೆಗೆ ಏನೂ ಇಲ್ಲ. ಕೆಲವು ವರ್ಷಗಳಲ್ಲಿ ಆಯೋಗ ಇದಕ್ಕಿಂತ ಉದಾರವಾದ ದಿನಾಂಕಗಳನ್ನು ಪ್ರಕಟಿಸಿದ್ದೂ ಇದೆ, ಹಾಗಾಗಿ ಆಯಾ ವರ್ಷದ ಸುತ್ತೋಲೆಯನ್ನು ಕೇಳಿ ತಿಳಿಯಿರಿ. ಅಂಕಪಟ್ಟಿ, ಟಿ.ಸಿ. ಮೊದಲಾದ ಮೂಲ ದಾಖಲೆಗಳನ್ನು ಕಾಲೇಜು ತನ್ನ ಬಳಿ ಇಟ್ಟುಕೊಳ್ಳುವಂತಿಲ್ಲ ಎಂದೂ ಅದೇ ಸೂಚನೆ ಹೇಳುತ್ತದೆ. ಪರೀಕ್ಷಾ ಪ್ರಾಧಿಕಾರದ ಕೌನ್ಸೆಲಿಂಗ್ ಮೂಲಕ ಪಡೆದ ಸೀಟಿಗೆ ಬೇರೆ ನಿಯಮಗಳಿವೆ, ದಂಡವೂ ಇರಬಹುದು. ಶಿಕ್ಷಣ ಸಾಲವಿದ್ದರೆ ಬ್ಯಾಂಕಿಗೆ, ವಿದ್ಯಾರ್ಥಿವೇತನವಿದ್ದರೆ ಆ ಇಲಾಖೆಗೆ ಮೊದಲೇ ತಿಳಿಸಬೇಕು. ಅದೇ ಹಂತದ ಓದನ್ನು ಮತ್ತೆ ಮೊದಲಿನಿಂದ ಆರಂಭಿಸಿದವರಿಗೆ ವೇತನ ನಿಂತುಹೋಗುವ ಸಂಭವವಿದೆ.

ಅಂದರೆ ಸೆಪ್ಟೆಂಬರಿನ ಹಬ್ಬಕ್ಕೆ ಬಾಯಿಬಿಟ್ಟ ಮಗುವಿಗೂ, ಹೆದರಿ ಕ್ರಿಸ್ಮಸ್‌ವರೆಗೆ ಸುಮ್ಮನಿದ್ದ ಮಗುವಿಗೂ ಸಾವಿರಾರು ರೂಪಾಯಿಗಳ ವ್ಯತ್ಯಾಸ. ನಿರ್ಧಾರ ತಡವಾಗಲಿ, ಮಾತು ತಡವಾಗಬಾರದು. ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕುವ ಪ್ರಭು ಯೇಸುವಿನ ಸಾಮತಿ (ಲೂಕ 14:28) ನಿಮಗೆ ನೆನಪಿರಬಹುದು. ಇಲ್ಲಿ ಆ ಲೆಕ್ಕವನ್ನು ತಂದೆ, ತಾಯಿ, ಮಗು ಮೂವರೂ ಒಂದೇ ಕಡೆ ಕುಳಿತು ಹಾಕಬೇಕು.

ಬದಲಾಯಿಸುವ ದಾರಿಗಳೂ ಹಲವು. ಅದೇ ಕಾಲೇಜಿನಲ್ಲಿ ವಿಷಯಗಳ ಕಾಂಬಿನೇಷನ್ ಬದಲಿಸುವುದು ಎಲ್ಲಕ್ಕಿಂತ ಸುಲಭ, ಆದರೆ ತರಗತಿ ಆರಂಭವಾದ ಮೊದಲ ಕೆಲವು ವಾರಗಳಲ್ಲಿ ಮಾತ್ರ. ಇಂಜಿನಿಯರಿಂಗಿನಲ್ಲಿ ಶಾಖೆ ಬದಲಿಸಲು ಸಾಮಾನ್ಯವಾಗಿ ಎರಡನೆಯ ವರ್ಷದ ಆರಂಭದಲ್ಲಿ, ಖಾಲಿ ಸೀಟಿದ್ದರೆ, ಅವಕಾಶ ಸಿಗುತ್ತದೆ. ಬೇರೆ ಪದವಿಗೇ ಹೋಗುವುದಾದರೆ ಪಿಯುಸಿಯಲ್ಲಿ ಓದಿದ ವಿಷಯಗಳೇ ಹೆಬ್ಬಾಗಿಲು. ವಿಜ್ಞಾನ ಓದಿದವರು ಬಿ.ಎ., ಬಿ.ಕಾಂ. ಸೇರಬಹುದು, ಕಲಾ ವಿಭಾಗದವರು ಬಿ.ಎಸ್ಸಿ.ಯ ಭೌತಶಾಸ್ತ್ರಕ್ಕೆ ಬರಲಾಗದು. ಈಚೆಗೆ ಗಳಿಸಿದ ಕ್ರೆಡಿಟ್‌ಗಳನ್ನು ಜಮಾ ಇಡುವ ವ್ಯವಸ್ಥೆಯನ್ನು ಯು.ಜಿ.ಸಿ. 2021ರಲ್ಲಿ ತಂದಿದೆ. ಆದರೆ ರಸಾಯನಶಾಸ್ತ್ರದ ಕ್ರೆಡಿಟು ಬಿ.ಕಾಂ.ನಲ್ಲಿ ಲೆಕ್ಕಪತ್ರದ ಜಾಗ ತುಂಬದು. ಹೊಸ ಕಾಲೇಜು ಒಪ್ಪಿದಷ್ಟೇ ಲಾಭ. ಮಂಗಳೂರು ವಿಶ್ವವಿದ್ಯಾಲಯದಿಂದ ನಮ್ಮ ತಾಲ್ಲೂಕುಗಳ ಪದವಿ ಕಾಲೇಜುಗಳು ಸೇರಿರುವ ಕುವೆಂಪು ವಿಶ್ವವಿದ್ಯಾಲಯಕ್ಕೆ ಬರುವುದಾದರೆ ಮೈಗ್ರೇಷನ್ ಸರ್ಟಿಫಿಕೇಟ್ ಬೇಕು. ಅಕ್ಕ ಸೇರಿದಾಗಿನ ನಿಯಮ ತಮ್ಮನಿಗೂ ಇದೆ ಎಂದುಕೊಳ್ಳಬೇಡಿ: 2021-22ರಲ್ಲಿ ರಾಜ್ಯದಲ್ಲಿ ನಾಲ್ಕು ವರ್ಷದ ಪದವಿ ಬಂತು, 2024-25ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿತು.

ನನ್ನ ದೃಷ್ಟಿಯಲ್ಲಿ ಎರಡನೆಯ ವರ್ಷ ದಾಟಿದವರು ಸಾಧ್ಯವಿದ್ದರೆ ಹಿಡಿದ ಪದವಿಯನ್ನು ಮುಗಿಸಿ ಆಮೇಲೆ ತಿರುಗುವುದು ಲೇಸು. ಯಾವುದೇ ಪದವಿಯ ನಂತರ ಮೂರು ವರ್ಷದ ಕಾನೂನು, ಸಮಾಜಕಾರ್ಯದ ಎಂ.ಎಸ್.ಡಬ್ಲ್ಯು., ಪತ್ರಿಕೋದ್ಯಮ, ಎಂ.ಬಿ.ಎ. ಓದಬಹುದು. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ ಬೆಳೆದ ಕುವೆಂಪು ಅವರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಬಿ.ಎ.ಗೆ ಓದಿದ್ದು ತತ್ವಶಾಸ್ತ್ರ, 1929ರಲ್ಲಿ ಎಂ.ಎ. ಮಾಡಿದ್ದು ಕನ್ನಡದಲ್ಲಿ. ತತ್ವಶಾಸ್ತ್ರ ಓದಿದ ವರ್ಷಗಳು ವ್ಯರ್ಥವಾದವೆಂದು ಅವರ ಕೃತಿಗಳನ್ನು ಓದಿದ ಯಾರೂ ಹೇಳಲಾರರು. ಆದರೆ ಮೊದಲ ವರ್ಷದಲ್ಲೇ ಉಸಿರು ಕಟ್ಟಿದವರಿಗೆ ಈ ಉದಾಹರಣೆ ಹೇಳಿ ಬಾಯಿ ಮುಚ್ಚಿಸಬೇಡಿ. ಅವರಿಗೆ ಒಂದು ವರ್ಷ ಕಳೆದರೂ ಹೊಸದಾಗಿ ಆರಂಭಿಸುವುದೇ ಅಗ್ಗ.

ಎಲ್ಲಕ್ಕಿಂತ ಭಯಪಡಬೇಕಾದದ್ದು ಮೌನಕ್ಕೆ. ಮನೆಯಲ್ಲಿ ಹೇಳಲಾರದ ಹುಡುಗ ಕಾಲೇಜಿಗೆಂದು ಹೊರಟು ಬಸ್‌ಸ್ಟ್ಯಾಂಡಿನಲ್ಲಿ ಕುಳಿತಿರುತ್ತಾನೆ. ಶೇಕಡ 75ರ ಹಾಜರಾತಿ ತಪ್ಪುತ್ತದೆ, ಪರೀಕ್ಷೆ ತಪ್ಪುತ್ತದೆ, ಸುಳ್ಳಿನ ಮೇಲೆ ಸುಳ್ಳು ಬೆಳೆಯುತ್ತದೆ. ಕಡೆಗೆ ಅವನನ್ನು ಹಿಂಡುವುದು ಆ ಸುಳ್ಳೇ. ಮಗು ಊಟ ಬಿಟ್ಟರೆ, ನಿದ್ದೆ ಬಿಟ್ಟರೆ, "ನಾನಿದ್ದು ಏನು ಪ್ರಯೋಜನ" ಎಂಬಂತಹ ಮಾತು ಆಡಿದರೆ ಕೋರ್ಸಿನ ಚರ್ಚೆಯನ್ನು ಬದಿಗಿಟ್ಟು, ಒಂಟಿಯಾಗಿ ಬಿಡದೆ, ಕೂಡಲೇ ವೈದ್ಯರಲ್ಲಿಗೆ ಕರೆದೊಯ್ಯಿರಿ. ಸರ್ಕಾರದ ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಮಾತಿದೆ. ಮಗ "ಈ ಕೋರ್ಸು ಬೇಡ" ಎಂದರೆ ಬೇರೆ ಕೋರ್ಸು ಹುಡುಕುತ್ತೇವೆ. ಮಗಳು ಅದನ್ನೇ ಹೇಳಿದರೆ "ಹಾಗಾದರೆ ಮನೆಗೆ ಬಾ, ಗಂಡು ನೋಡೋಣ" ಎನ್ನುವ ಮನೆಗಳು ಇನ್ನೂ ಇವೆ. ಈ ಹೆದರಿಕೆಗೇ ಎಷ್ಟೋ ಹುಡುಗಿಯರು ಒಲ್ಲದ ಓದನ್ನು ಹಲ್ಲುಕಚ್ಚಿ ಮುಗಿಸುತ್ತಾರೆ. 1998ರಲ್ಲಿ ಸಂತಪದವಿಗೇರಿದ ಎಡಿತ್ ಸ್ಟೈನ್ ಬ್ರೆಸ್ಲಾವ್ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ಓದುತ್ತಿದ್ದವರು, ತಾವು ಹುಡುಕುತ್ತಿರುವುದು ಅಲ್ಲಿಲ್ಲ ಎಂದು ಕಂಡಾಗ 1913ರಲ್ಲಿ ತತ್ವಶಾಸ್ತ್ರ ಕಲಿಯಲು ದೂರದ ಗ್ಯೋಟಿಂಗೆನ್‌ಗೆ ಹೋದರು. ತಂದೆ ತೀರಿಕೊಂಡಿದ್ದ ಆ ಮನೆಯಲ್ಲಿ ವ್ಯಾಪಾರ ನಡೆಸಿ ಮಕ್ಕಳನ್ನು ಸಾಕಿದ್ದ ತಾಯಿ, ಮಗಳನ್ನು ಹೋಗಲು ಬಿಟ್ಟರು. ನಿಮ್ಮ ಮಗಳು ಈ ಹಬ್ಬಕ್ಕೆ ಮನೆಗೆ ಬಂದಾಗ ಅಂಕ ಎಷ್ಟು ಎಂದು ಕೇಳುವ ಮೊದಲು, ಯಾವ ಪಾಠ ಹಿಡಿಸಿತು ಎಂದು ಕೇಳಿ ನೋಡಿ.