ಮಾರ್ಕು ಆಮೇಲೆ ಹಾಕು, ಕಂಡದ್ದು ಮೊದಲು ಹೇಳು

ಪುಟ್ಟೀ, ನಮ್ಮ ಮನೆಯವರ ವಾಟ್ಸ್‌ಆಪ್ ಗ್ರೂಪಿನಲ್ಲಿ ಸಿನಿಮಾ ನೋಡಿ ಬಂದ ಮೇಲೆ ತಪ್ಪದೆ ಒಂದು ಮಾತು ಬರೆಯುವವಳು ನೀನೊಬ್ಬಳೇ. ಅದು ನನಗೆ ಬಹಳ ಇಷ್ಟ. ನಿನ್ನಮ್ಮನೂ ನಾನೂ ಹುಡುಗಿಯರಾಗಿದ್ದಾಗ ಮ್ಯಾಟಿನಿ ಮುಗಿಸಿ ಬರುವ ದಾರಿಯುದ್ದಕ್ಕೂ ಕಥೆಯನ್ನು ಮತ್ತೆ ಮೊದಲಿನಿಂದ ಹೇಳಿಕೊಂಡು, ಜಗಳ ಆಡಿಕೊಂಡೇ ಮನೆ ಸೇರುತ್ತಿದ್ದೆವು. ನೋಡಿದ ಸಿನಿಮಾದ ಬಗ್ಗೆ ಮಾತಾಡದಿದ್ದರೆ ಅರ್ಧ ಮಾತ್ರ ನೋಡಿದ ಹಾಗೆ ಎಂದು ಈಗಲೂ ನಂಬಿದ್ದೇನೆ. ಆದರೆ ಈಚೆಗೆ ನಿನ್ನ ಮಾತು ತೀರಾ ಚಿಕ್ಕದಾಗಿದೆ. "ಫಸ್ಟ್ ಹಾಫ್ ಓಕೆ, ಸೆಕೆಂಡ್ ಹಾಫ್ ಲ್ಯಾಗ್, ಬಿಜಿಎಂ ಸೂಪರ್, 3/5, ಒನ್ ಟೈಮ್ ವಾಚ್." ಇಷ್ಟನ್ನು ಓದಿದರೆ ಆ ಸಿನಿಮಾ ಯಾರ ಕಥೆ, ಯಾವ ಊರಿನದು, ನೋಡುವಾಗ ನಿನಗೆ ಏನಾಯಿತು, ಒಂದೂ ತಿಳಿಯುವುದಿಲ್ಲ. ಹೆಸರು ಅಳಿಸಿ ಬೇರೆ ಯಾವ ಸಿನಿಮಾದ ಕೆಳಗೆ ಹಾಕಿದರೂ ನಡೆಯುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಿನ್ನ ಮಾತನ್ನು ನೀನೇ ಹಗುರವಾಗಿ ತಿಳಿಯಬೇಡ. ಚಿತ್ರಮಂದಿರದ ಲೆಕ್ಕ ಹೇಗೆ ನಡೆಯುತ್ತದೆಂದು ಒಮ್ಮೆ ಯೋಚಿಸು. ಶುಕ್ರವಾರ ಸಿನಿಮಾ ಬರುತ್ತದೆ. ದೊಡ್ಡ ನಾಯಕರ ಚಿತ್ರವಾದರೆ ಬೆಳಗಿನ ಜಾವದಿಂದಲೇ ಶೋ, ಕಟೌಟು, ಹಾಲಿನ ಅಭಿಷೇಕ. ಹೊಸಬರ ಚಿತ್ರಕ್ಕೆ ಮಲ್ಟಿಪ್ಲೆಕ್ಸಿನಲ್ಲಿ ಸಿಗುವುದು ಹೆಚ್ಚಾಗಿ ಜನ ಬಾರದ ಹೊತ್ತಿನ ಒಂದೋ ಎರಡೋ ಶೋ. ಶನಿವಾರ, ಭಾನುವಾರ ಎಷ್ಟು ಸೀಟು ತುಂಬಿತೆಂದು ನೋಡಿ ಸೋಮವಾರದಿಂದಲೇ ಶೋ ಇಳಿಸುತ್ತಾರೆ. ಮುಂದಿನ ಶುಕ್ರವಾರ ಬರುವ ಹೊಸ ಚಿತ್ರ ಉಳಿದದ್ದನ್ನೂ ಹೊರಗೆ ನೂಕುತ್ತದೆ. ಹೋರ್ಡಿಂಗ್ ಹಾಕಿಸಲು, ಟಿವಿಯಲ್ಲಿ ಜಾಹೀರಾತು ಕೊಡಲು ದುಡ್ಡಿಲ್ಲದವರಿಗೆ ಆ ಮೂರು ದಿನ ಇರುವ ಆಸರೆ ಒಂದೇ, ನೋಡಿ ಬಂದವರ ಬಾಯಿಮಾತು.

ಆ ಬಾಯಿಮಾತು ಏನು ಮಾಡಬಲ್ಲದು ಎಂಬುದನ್ನು ನಮ್ಮ ಕಾಲದಲ್ಲೇ ಕಂಡಿದ್ದೇವೆ. 'ಮುಂಗಾರು ಮಳೆ' ಬಂದದ್ದು 2006ರ ಡಿಸೆಂಬರ್ ಕೊನೆಯಲ್ಲಿ. ನಾಯಕ ಗಣೇಶ್ ಆಗಿನ್ನೂ ಟಿವಿಯಿಂದ ಬಂದ ಹೊಸ ಹುಡುಗ. ಜೋಗದ ಮಳೆ, ಆ ಹುಡುಗ ಮೊಲದ ಜೊತೆ ಆಡುವ ಮಾತು, ಇವನ್ನು ನೋಡಿದವರು ಇನ್ನೊಬ್ಬರಿಗೆ ಹೇಳಿ ಹೇಳಿಯೇ ಅದು ಬೆಂಗಳೂರಿನ ಮಲ್ಟಿಪ್ಲೆಕ್ಸಿನಲ್ಲಿ ವರ್ಷ ದಾಟಿ ಓಡಿತು. 2015ರ ಜುಲೈ ಮೊದಲ ವಾರ ಅನೂಪ್ ಭಂಡಾರಿಯವರ 'ರಂಗಿತರಂಗ' ಬಂತು. ನಿರ್ದೇಶಕರೂ ಹೊಸಬರು, ನಾಯಕನೂ ಹೊಸಬ. ಮರುವಾರವೇ 'ಬಾಹುಬಲಿ' ಬಂದು ಕೂತಿತು. ಅಂಥ ಬಿರುಗಾಳಿಯ ಎದುರಿಗೆ ಸಣ್ಣ ಕನ್ನಡ ಚಿತ್ರವೊಂದು ತಿಂಗಳುಗಟ್ಟಲೆ ನಿಂತದ್ದು ನೋಡಿದವರು ಸುಮ್ಮನೆ ಕೂರದೆ ಮಾತಾಡಿದ್ದರಿಂದ. ತೀರಾ ಹತ್ತಿರದ್ದು 2025ರ ಜುಲೈನ 'ಸು ಫ್ರಮ್ ಸೋ'. ಕರಾವಳಿಯ ಒಂದು ಊರು, ಒಬ್ಬನ ಮೈಮೇಲೆ ದೆವ್ವ ಬಂದಿದೆ ಎಂಬ ಗುಲ್ಲು, ಅದನ್ನು ನಂಬಿ ಇಡೀ ಊರು ಪಡುವ ಪಾಡು. ದೊಡ್ಡ ಸ್ಟಾರ್ ಯಾರೂ ಇಲ್ಲ. ಜೆ.ಪಿ. ತುಮಿನಾಡು ನಿರ್ದೇಶಿಸಿದ ಆ ಚಿತ್ರಕ್ಕೆ ಕೆಲವೇ ದಿನಗಳಲ್ಲಿ ಟಿಕೆಟ್ ಸಿಗದಂತಾಯಿತು. ಮಲಯಾಳಂ, ತೆಲುಗಿಗೂ ಡಬ್ ಆಗಿ ಹೋಯಿತು. ಹಾಗೆ ಮಾತಾಡಿದವರು ಯಾರು? ನಿನ್ನಂಥವರೇ. ಟಿಕೆಟ್ಟಿನ ದುಡ್ಡು ತಾವೇ ಕೊಟ್ಟವರು, ಯಾರ ಹಂಗೂ ಇಲ್ಲದವರು. ದುಡ್ಡು ಇಸಿದುಕೊಂಡು ಹೊಗಳುವವರೂ ತೆಗಳುವವರೂ ಇದ್ದಾರೆಂದು ಜನಕ್ಕೆ ಅನುಮಾನ ಬಂದುಬಿಟ್ಟಿರುವ ಈ ದಿನಗಳಲ್ಲಿ ಹಂಗಿಲ್ಲದವರ ಮಾತಿಗೇ ಬೆಲೆ.

ಅಷ್ಟು ಬೆಲೆಯ ಮಾತನ್ನು ಬರೀ ಒಂದು ಅಂಕಿಯಾಗಿ ಏಕೆ ಮುಗಿಸುತ್ತೀಯ? ಅಂಕಿ ಬಹಳ ಕಡಿಮೆ ಹೇಳುತ್ತದೆ. ಅಮೆರಿಕದ ಷಿಕಾಗೋ ಸನ್-ಟೈಮ್ಸ್ ಪತ್ರಿಕೆಗೆ 1967ರಿಂದ 2013ರಲ್ಲಿ ತೀರಿಕೊಳ್ಳುವವರೆಗೂ ವಿಮರ್ಶೆ ಬರೆದ ರೋಜರ್ ಎಬರ್ಟ್ ನಾಲ್ಕು ನಕ್ಷತ್ರಗಳ ಲೆಕ್ಕ ಇಟ್ಟುಕೊಂಡಿದ್ದರು. ತಮ್ಮ ನಕ್ಷತ್ರಗಳು ಒಂದೇ ತಕ್ಕಡಿಯಲ್ಲಿ ತೂಗಿದವಲ್ಲ ಎಂಬುದನ್ನು ಅವರೇ ಓದುಗರಿಗೆ ಹೇಳುತ್ತಿದ್ದರು. ಹೊಡೆದಾಟದ ಚಿತ್ರವನ್ನು ಹೊಡೆದಾಟದ ಚಿತ್ರಗಳ ಪಕ್ಕದಲ್ಲೇ ಇಟ್ಟು ನೋಡುತ್ತಿದ್ದರು. ಹಾಸ್ಯ ಚಿತ್ರಕ್ಕೆ ಮೂರು ಕೊಟ್ಟರೆ ಅದು ಸತ್ಯಜಿತ್ ರೇ ಚಿತ್ರಕ್ಕೆ ಕೊಡುವ ಮೂರು ಆಗುವುದಿಲ್ಲ. ರಾಟನ್ ಟೊಮ್ಯಾಟೋಸ್ ಎಂಬ ಜಾಲತಾಣದಲ್ಲಿ ಒಂದು ಚಿತ್ರಕ್ಕೆ ನೂರಕ್ಕೆ ನೂರು ಎಂದು ಕಂಡರೆ ನೀನು ಅದು ಅಮೋಘ ಎಂದುಕೊಳ್ಳುತ್ತೀಯ. ಅಲ್ಲಿ ಎಣಿಸುವುದು ಎಷ್ಟು ಮಂದಿ ವಿಮರ್ಶಕರು "ನೋಡಬಹುದು" ಎಂದರು ಎಂಬುದನ್ನು. ಎಲ್ಲರೂ "ಪರವಾಗಿಲ್ಲ" ಎಂದಿದ್ದರೂ ನೂರೇ ಬರುತ್ತದೆ. ಇನ್ನು ಸರಾಸರಿಯ ಕಥೆ. ಒಂದು ಚಿತ್ರಕ್ಕೆ ಅರ್ಧ ಜನ ಹತ್ತು ಕೊಟ್ಟು ಅರ್ಧ ಜನ ಒಂದು ಕೊಟ್ಟರೆ ಸರಾಸರಿ 5.5. ನೋಡಿದವರಲ್ಲಿ ಒಬ್ಬನಿಗೂ ಆ ಚಿತ್ರ ಐದೂವರೆಯಷ್ಟು ಅನ್ನಿಸಿರುವುದಿಲ್ಲ. ಕೆಲವರು ಎದ್ದು ಕುಣಿದ, ಕೆಲವರು ಎದ್ದು ಹೊರಟ ಚಿತ್ರ ಅದು. ಅಂಕಿ ನೋಡಿದವರಿಗೆ ಮಾತ್ರ ಅದೊಂದು ಸಪ್ಪೆ ಚಿತ್ರ.

ಈ ಹತ್ತು ಮತ್ತು ಒಂದರ ಹಿಂದೆ ಇನ್ನೊಂದು ಕೆಟ್ಟ ಚಾಳಿ ಇದೆ. ನಮ್ಮ ಹೀರೋಗೆ ಹತ್ತು, ಅವರ ಹೀರೋಗೆ ಒಂದು. ಮೊದಲ ಶೋ ಮುಗಿಯುವ ಮೊದಲೇ, ಸಿನಿಮಾ ಕಣ್ಣಿಂದ ನೋಡದೆಯೇ ಹಾಕುವ ಮಾರ್ಕು ಇವು. 'ಕ್ಯಾಪ್ಟನ್ ಮಾರ್ವೆಲ್' ಬರುವ ಮುಂಚೆ ಅದರ ಮೇಲೆ ಹೀಗೆಯೇ ದಾಳಿ ನಡೆದಾಗ ರಾಟನ್ ಟೊಮ್ಯಾಟೋಸ್ 2019ರಲ್ಲಿ ಬಿಡುಗಡೆಗೆ ಮುಂಚಿನ ಪ್ರೇಕ್ಷಕರ ಕಾಮೆಂಟುಗಳನ್ನೇ ನಿಲ್ಲಿಸಿತು. ಆಮೇಲೆ ಟಿಕೆಟ್ ಕೊಂಡದ್ದು ಖಾತ್ರಿಯಾದವರ ರೇಟಿಂಗನ್ನು ಬೇರೆಯಾಗಿ ತೋರಿಸಲು ಶುರುಮಾಡಿತು. ನಮ್ಮ ಪಕ್ಕದ ಕೇರಳದಲ್ಲಿ ಇಂಥ ವಿಮರ್ಶೆಗಳ ವಿರುದ್ಧ ನಿರ್ದೇಶಕರೊಬ್ಬರು 2023ರಲ್ಲಿ ಹೈಕೋರ್ಟಿನ ಬಾಗಿಲು ತಟ್ಟಿದರು. ದುಡ್ಡು ಕೊಟ್ಟು ನೋಡಿದವರ ಬಾಯಿಗೆ ಬೀಗ ಹಾಕುವುದು ನನಗೆ ಒಪ್ಪಿಗೆಯಿಲ್ಲ. ಇಷ್ಟವಾಗಲಿಲ್ಲ ಎನ್ನುವ ಹಕ್ಕು ಟಿಕೆಟ್ಟಿನ ಜೊತೆಗೇ ಬರುತ್ತದೆ. ಆದರೆ ಆ ಹಕ್ಕು ಉಳಿಯಬೇಕಾದರೆ ಪೂರ್ತಿ ನೋಡದೆ ಮಾತಾಡಬಾರದು. ಇಂಟರ್‌ವಲ್‌ನಲ್ಲಿ ಪಾಪ್‌ಕಾರ್ನ್ ಹಿಡಿದುಕೊಂಡು ತೀರ್ಪು ಬರೆಯಬೇಡ. ಕೊನೆಯ ಹೆಸರುಗಳು ಓಡಿ ಮುಗಿಯುವವರೆಗಾದರೂ ಕೂತಿರು.

ಹಾಗಾದರೆ ಏನು ಬರೆಯಬೇಕು ಎಂದು ಕೇಳುತ್ತೀಯ. 'ತಿಥಿ'ಯನ್ನೇ ತಗೋ. ರಾಮ್ ರೆಡ್ಡಿ ನಿರ್ದೇಶನ, ಈರೇಗೌಡರ ಬರವಣಿಗೆ. 2015ರಲ್ಲಿ ಸ್ವಿಟ್ಜರ್‌ಲೆಂಡಿನ ಲೊಕಾರ್ನೋ ಚಿತ್ರೋತ್ಸವದಲ್ಲಿ ಬಹುಮಾನ ಪಡೆದು ಮರುವರ್ಷ ನಮ್ಮಲ್ಲಿ ತೆರೆಕಂಡಿತು. ಮಂಡ್ಯ ಸೀಮೆಯ ಹಳ್ಳಿ, ಅಲ್ಲಿಯವರೇ ನಟರು. ಆಗ ಅನೇಕರು ಹೇಳಿದ್ದು ಎರಡೇ ಮಾತು: "ಸ್ಲೋ", "ಏನೂ ನಡೆಯಲ್ಲ." ನಡೆಯುವುದನ್ನು ಸ್ವಲ್ಪ ಎಣಿಸು. ನೂರು ದಾಟಿದ ಸೆಂಚುರಿ ಗೌಡ ಸಾಯುತ್ತಾನೆ. ಹನ್ನೊಂದನೇ ದಿನದ ತಿಥಿಗೆ ಊಟ ಆಗಬೇಕು. ಮೊಮ್ಮಗ ತಮ್ಮಣ್ಣನಿಗೆ ಐದು ಎಕರೆ ಜಮೀನು ಮಾರುವ ಅವಸರ. ಜಮೀನು ಇರುವುದು ತಾತನ ಹೆಸರಿನಲ್ಲಿ. ಅಪ್ಪ ಗಡ್ಡಪ್ಪನಿಗೆ ಜಮೀನೂ ಬೇಡ, ಮನೆಯೂ ಬೇಡ, ಬೀಡಿ ಹಚ್ಚಿಕೊಂಡು, ಜೇಬಿನಲ್ಲಿ ಬಾಟಲಿ ಇಟ್ಟುಕೊಂಡು ಹೊಲದ ಬದುವಿನಲ್ಲಿ ನಡೆಯುತ್ತಿರುತ್ತಾನೆ. ಬದುಕಿರುವ ಅಪ್ಪನನ್ನು ಸತ್ತನೆಂದು ಕಾಗದ ಮಾಡಿಸಲು ಮಗ ಓಡಾಡುತ್ತಾನೆ. ಮರಿಮಗ ಕುರಿಗಾಹಿ ಹುಡುಗಿಯ ಹಿಂದೆ ಬಿದ್ದಿದ್ದಾನೆ. ಇಷ್ಟೆಲ್ಲ ನಡೆಯುವ ಚಿತ್ರದಲ್ಲಿ ನಿಧಾನವಾಗಿರುವುದು ಗಡ್ಡಪ್ಪನ ನಡಿಗೆ. ಚಿತ್ರ ಆ ನಡಿಗೆಯ ಜೊತೆಗೆ ನಡೆಯುತ್ತದೆ, ಏಕೆಂದರೆ ಆಸ್ತಿಗೆ ಓಡುವವನನ್ನೂ ಏನೂ ಬೇಡದೆ ನಡೆಯುವವನನ್ನೂ ಅಕ್ಕಪಕ್ಕ ನಿಲ್ಲಿಸಿ ತೋರಿಸಬೇಕಾಗಿದೆ. ಇದನ್ನು ಗಮನಿಸಿದ ಮೇಲೂ ನಿನಗೆ ಬೇಸರವಾಗಿದ್ದರೆ ಧಾರಾಳವಾಗಿ ಹೇಳು. ಆದರೆ "ಸ್ಲೋ" ಎಂದು ಬಿಡಬೇಡ. "ಗಡ್ಡಪ್ಪ ನಡೆಯುವುದನ್ನೇ ಬಹಳ ಹೊತ್ತು ತೋರಿಸುತ್ತಾರೆ, ನನಗೆ ತಾಳ್ಮೆ ಸಾಲಲಿಲ್ಲ" ಎನ್ನು. ಓದಿದವರಲ್ಲಿ ಒಬ್ಬ ಬೇಡವೆಂದುಕೊಳ್ಳುತ್ತಾನೆ, ಇನ್ನೊಬ್ಬಳು ಅದನ್ನೇ ನೋಡಲೆಂದು ಹೋಗುತ್ತಾಳೆ. ನಿನ್ನ ಒಂದೇ ವಾಕ್ಯ ಇಬ್ಬರಿಗೂ ದಾರಿ ತೋರಿಸಿತು. "ಅಡುಗೆ ಚೆನ್ನಾಗಿಲ್ಲ" ಎನ್ನುವ ನೆಂಟರಿಗಿಂತ "ಸಾರಿಗೆ ಹುಳಿ ಜಾಸ್ತಿ" ಎನ್ನುವವರ ಮಾತು ಅಡುಗೆಯವರಿಗೂ ಪಕ್ಕದ ಎಲೆಯವರಿಗೂ ಉಪಯೋಗ.

ಹೀಗೆ ಮಾತಾಡಲು ದೊಡ್ಡ ಓದು ಬೇಕಾಗಿಲ್ಲ. ಸಾಗರದ ಹತ್ತಿರದ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು ನೀನಾಸಂನಲ್ಲಿ ಚಿತ್ರಸಮಾಜ ಕಟ್ಟಿದರು. ಅಡಿಕೆ ತೋಟದ ಕೆಲಸ ಮುಗಿಸಿದ ಗಂಡಸರು, ಹೆಂಗಸರು ಬಂದು ರೇ, ಜಪಾನಿನ ಕುರೊಸಾವಾ ಇಂಥವರ ಚಿತ್ರಗಳನ್ನು ನೋಡಿದರು, ನೋಡಿದ್ದನ್ನು ಕೂತು ಮಾತಾಡಿದರು. ಜಪಾನಿ ಭಾಷೆ ಬಾರದ ಜನ ಯಾರು ಯಾಕೆ ಹಾಗೆ ಮಾಡಿದರು, ಅದು ಸರಿಯೋ ತಪ್ಪೋ ಎಂದು ತಮ್ಮ ಬದುಕಿನ ಅನುಭವದಿಂದಲೇ ವಾದ ಹೂಡಿದರು. ಅಲ್ಲಿ ಯಾರ ಕೈಯಲ್ಲೂ ನಕ್ಷತ್ರ ಇರಲಿಲ್ಲ. ನಿನ್ನ ಹತ್ತಿರವೂ ಅಂಥ ಅನುಭವ ಇದೆ: ನೀನು ಹಾಸ್ಟೆಲಿನಲ್ಲಿ ಇದ್ದವಳು, ಬಸ್ಸಿನಲ್ಲಿ ಓಡಾಡಿದವಳು, ಅಜ್ಜಿಯ ಆರೈಕೆ ಮಾಡಿದವಳು. ಚಿತ್ರದಲ್ಲಿ ಹಾಸ್ಟೆಲು ಬಂದರೆ ಅದು ನಿಜವಾದ ಹಾಸ್ಟೆಲಿನಂತಿದೆಯೇ ಎಂದು ಯಾವ ವಿಮರ್ಶಕನಿಗಿಂತಲೂ ಚೆನ್ನಾಗಿ ನೀನು ಹೇಳಬಲ್ಲೆ. ಅದನ್ನು ಹೇಳು. ಮತ್ತೆ ನಾಯಕ, ನಾಯಕಿಯ ಹೆಸರಿನಾಚೆಗೂ ಒಬ್ಬರ ಹೆಸರು ಹೇಳುವ ಅಭ್ಯಾಸ ಮಾಡಿಕೋ. ಮಳೆ ಚೆನ್ನಾಗಿ ಕಂಡಿದ್ದರೆ ಛಾಯಾಗ್ರಾಹಕರು ಯಾರು, ಮಾತು ಹಿಡಿಸಿದ್ದರೆ ಸಂಭಾಷಣೆ ಯಾರದು, ಇಷ್ಟು ನೋಡಿ ಬರೆ. ಆ ಹೆಸರು ಹೇಳುವವರು ಬಹಳ ಕಡಿಮೆ.

ಮನಸ್ಸು ಬದಲಾದರೆ ನಾಚಿಕೊಳ್ಳಬೇಡ. ರಕ್ಷಿತ್ ಶೆಟ್ಟಿಯವರ 'ಉಳಿದವರು ಕಂಡಂತೆ' 2014ರಲ್ಲಿ ಬಂದಾಗ ಅನೇಕರು ತಲೆಬುಡ ಗೊತ್ತಾಗಲಿಲ್ಲ ಎಂದು ಎದ್ದು ಬಂದರು. ಮಲ್ಪೆಯ ಕಡಲತಡಿ, ಹುಲಿವೇಷ, ಒಂದೇ ಘಟನೆಯನ್ನು ಬೇರೆ ಬೇರೆಯವರು ಹೇಳುವ ರೀತಿ, ಇವೆಲ್ಲ ಜನಕ್ಕೆ ದಕ್ಕಲು ವರ್ಷಗಳೇ ಬೇಕಾದವು. ಇವತ್ತು ಅದನ್ನು ಮೆಚ್ಚಿ ಮಾತಾಡುವವರಲ್ಲಿ ಮೊದಲು ಬೈದವರೂ ಇದ್ದಾರೆ. ಹಾಗಾಗಿ ನೋಡಿದ ತಾರೀಖು, ಎಲ್ಲಿ ನೋಡಿದೆ ಎಂಬುದನ್ನೂ ಬರೆದಿಡು. ಚಿತ್ರಮಂದಿರದ ಕತ್ತಲಲ್ಲಿ ಪೂರ್ತಿ ನೋಡಿದ್ದಕ್ಕೂ ರೈಲಿನಲ್ಲಿ ಮೊಬೈಲು ಹಿಡಿದು ಮೂರು ಕಂತಿನಲ್ಲಿ ಮುಗಿಸಿದ್ದಕ್ಕೂ ಒಂದೇ ಮಾರ್ಕು ಹಾಕುವುದು ಆ ಚಿತ್ರಕ್ಕೆ ಅನ್ಯಾಯ.

ನಿನ್ನಪ್ಪ 'ಬಂಗಾರದ ಮನುಷ್ಯ'ಕ್ಕೆ ಹತ್ತಕ್ಕೆ ಹತ್ತು ಎಂದಾಗ ನೀನು ನಗುವ ಇಮೋಜಿ ಹಾಕಿದ್ದು ನೋಡಿದೆ. 1972ರ ಆ ಚಿತ್ರ ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ಅದನ್ನು ನೋಡಿ ಪೇಟೆ ಬಿಟ್ಟು ಹೊಲಕ್ಕೆ ಮರಳಿದ ಹುಡುಗರಿದ್ದರೆಂದು ಜನ ಇಂದಿಗೂ ಹೇಳುತ್ತಾರೆ. ನಿನಗೆ ಅದು ಹಳೆಯದಾಗಿ ಕಾಣಬಹುದು, ಕಾಣಲಿ. ಆದರೆ ಅವರನ್ನು ಕೂರಿಸಿಕೊಂಡು ಯಾವ ದೃಶ್ಯ ನೆನಪಿದೆ ಎಂದು ಕೇಳಿ ನೋಡು. ನಿನಗೆ ಇಷ್ಟವಾಗದ ಚಿತ್ರವನ್ನು ಇನ್ನೊಬ್ಬರು ಏಕೆ ಪ್ರೀತಿಸಿದರು ಎಂದು ಕೇಳಿಸಿಕೊಂಡರೆ ನಿನ್ನ ನೋಟವೂ ಬಲಿಯುತ್ತದೆ.

ಇನ್ನು ಬೇಗ ಹೇಳಿ ಮುಗಿಸಬಹುದಾದವು. ಕೊಲೆಗಾರ ಯಾರೆಂದು ಬರೆಯಬೇಡ, ಸುಳಿವನ್ನೂ ಕೊಡಬೇಡ. ನಟಿಯ ಮೈಬಣ್ಣ, ನಟನ ಹೊಟ್ಟೆಯ ಬಗ್ಗೆ ಒಂದಕ್ಷರವೂ ಬೇಡ. ಅವರ ಕೆಲಸದ ಬಗ್ಗೆ ಎಷ್ಟು ಬೇಕಾದರೂ ಹೇಳು. ಹೀರೋ ಎಂಟ್ರಿಯನ್ನು ಪರದೆಯಿಂದ ಮೊಬೈಲಿನಲ್ಲಿ ಹಿಡಿದು ಸ್ಟೇಟಸ್ಸಿಗೆ ಹಾಕುವ ಗೆಳೆಯರಿದ್ದರೆ ಎಚ್ಚರಿಸು. 2023ರಲ್ಲಿ ತಿದ್ದುಪಡಿಯಾದ ಸಿನಿಮಾಟೋಗ್ರಾಫ್ ಕಾಯ್ದೆಯ ಪ್ರಕಾರ ಚಿತ್ರಮಂದಿರದಲ್ಲಿ ಸಿನಿಮಾವನ್ನು ಅಕ್ರಮವಾಗಿ ಚಿತ್ರೀಕರಿಸಿದರೆ ಮೂರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಕನಿಷ್ಠ 3 ಲಕ್ಷ ರೂಪಾಯಿ ದಂಡ ಆಗಬಹುದು. ಹುಡುಗರಿಗೆ ಇದು ಗೊತ್ತಿರುವುದಿಲ್ಲ.

ಕೊನೆಗೆ, ನನಗೆ ತುಂಬ ಮುಖ್ಯವೆನಿಸುವ ವಿಷಯ. ಕನ್ನಡದ ಚಿತ್ರ, ಹೊಸಬರು ಕಷ್ಟಪಟ್ಟಿದ್ದಾರೆ ಎಂದು ಹಿಡಿಸದ ಚಿತ್ರಕ್ಕೂ ನೀನು ನಾಲ್ಕು ಹಾಕುವುದನ್ನು ಗಮನಿಸಿದ್ದೇನೆ. ನಿನ್ನ ಪ್ರೀತಿ ಅರ್ಥವಾಗುತ್ತದೆ. ಕನ್ನಡ ಚಿತ್ರ ಉಳಿಯಬೇಕೆಂಬ ಆಸೆ ನನಗೂ ಅಷ್ಟೇ ಇದೆ. ಆದರೆ ನಿನ್ನ ಮಾತು ನಂಬಿ ಗೆಳತಿ ಮನೆಯವರನ್ನೆಲ್ಲ ಕರೆದುಕೊಂಡು ಹೋಗುತ್ತಾಳೆ. ಟಿಕೆಟ್ಟು, ಪೆಟ್ರೋಲು, ತಿಂಡಿ ಸೇರಿ ಅವರ ಒಂದು ಭಾನುವಾರವೂ ಸಾವಿರಾರು ರೂಪಾಯಿಯೂ ಹೋಗುತ್ತದೆ. ಮುಂದೆ ಇನ್ನೊಂದು 'ತಿಥಿ' ಬಂದು, ಅದಕ್ಕೆ ಊರಿಗೆಲ್ಲ ಒಂದೇ ಶೋ ಇದ್ದು, ನೀನು "ಈ ವಾರವೇ ನೋಡಿ" ಎಂದು ಬರೆದಾಗ ಅವಳು ಹೊರಡುವುದಿಲ್ಲ.