ಘಟ್ಟ ಇಳಿಯುವ ಮುನ್ನ ನಾಲ್ಕು ಮಾತು

ಅಡಿಕೆ ಕೊಯ್ಲು ಮುಗಿದು ಮಕ್ಕಳಿಗೆ ರಜೆ ಸಿಕ್ಕಿತೆಂದರೆ ಸಾಗರ, ಹೊಸನಗರ, ತೀರ್ಥಹಳ್ಳಿಯ ಮನೆಗಳಲ್ಲಿ ಮುರುಡೇಶ್ವರದ ಮಾತು ಶುರುವಾಗುತ್ತದೆ. ಹೋಗಬೇಕಾದ್ದೇ. ದೇಶ ಸುತ್ತು, ಕೋಶ ಓದು ಎಂದು ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ. ಆದರೆ ಒಂದೇ ದಿನದಲ್ಲಿ ಗೋಕರ್ಣ, ಇಡಗುಂಜಿ, ಮುರುಡೇಶ್ವರ, ಕೊಲ್ಲೂರು ಎಲ್ಲ ಮುಗಿಸಿಬಿಡುತ್ತೇವೆ ಎಂದು ಹೊರಡುತ್ತೀರಲ್ಲ, ಅದು ಬೇಡ. ಅತಿ ಆಸೆ ಗತಿ ಕೇಡು. ಎರಡು ದಿನ ಇಟ್ಟುಕೊಳ್ಳಿ, ನೋಡುವ ಜಾಗ ಕಡಿಮೆ ಮಾಡಿ. ನವೆಂಬರಿನಿಂದ ಫೆಬ್ರವರಿಯವರೆಗೆ ಹೋದರೆ ಸೆಕೆಯೂ ಕಡಿಮೆ, ಕಡಲೂ ಶಾಂತ.

ಸಾಗರದವರು ತಾಳಗುಪ್ಪದ ಮೇಲೆ ಗೇರುಸೊಪ್ಪೆ ಘಟ್ಟ ಇಳಿದು ಹೊನ್ನಾವರ ಸೇರುತ್ತೀರಿ. ಹೊಸನಗರದವರಿಗೆ ಹುಲಿಕಲ್ ಘಟ್ಟ, ತೀರ್ಥಹಳ್ಳಿಯವರಿಗೆ ಆಗುಂಬೆ. ಯಾವ ಘಟ್ಟವಾದರೂ ಹೊರಡುವ ಹಿಂದಿನ ದಿನವೇ ಬ್ರೇಕ್ ತೋರಿಸಿಕೊಳ್ಳಿ. ಇಳಿಜಾರಿನಲ್ಲಿ ಬ್ರೇಕ್ ಒತ್ತಿಕೊಂಡೇ ಇಳಿಯಬೇಡಿ, ಕಡಿಮೆ ಗೇರಿನಲ್ಲಿ ಬನ್ನಿ. ಮಕ್ಕಳಿಗೆ ಹೊಟ್ಟೆ ಬಿರಿಯೆ ದೋಸೆ ತಿನ್ನಿಸಿ ತಿರುವುಗಳಲ್ಲಿ ವಾಂತಿ ಎಂದು ಗೋಳಾಡುವುದಕ್ಕಿಂತ, ಹಗುರವಾಗಿ ತಿನ್ನಿಸಿ, ನಿಂಬೆಹಣ್ಣು ಕೈಯಲ್ಲಿ ಕೊಡಿ.

ಗೇರುಸೊಪ್ಪೆಯನ್ನು ಸುಮ್ಮನೆ ದಾಟಿ ಹೋಗಬೇಡಿ. ಶರಾವತಿಯ ದಡದ ಕಾಡಿನೊಳಗೆ ನಗರಬಸ್ತಿಕೇರಿಯ ಚತುರ್ಮುಖ ಬಸದಿ ಇದೆ, ನಾಲ್ಕು ದಿಕ್ಕಿಗೂ ಬಾಗಿಲು. ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದ ಚೆನ್ನಭೈರಾದೇವಿ 16ನೇ ಶತಮಾನದಲ್ಲಿ ಆಳಿದ್ದು ಇಲ್ಲಿಂದಲೇ. ಆಕೆಯ ನಾಡನ್ನು ಆಮೇಲೆ ಗೆದ್ದುಕೊಂಡವರು ನಿಮ್ಮದೇ ಕೆಳದಿಯ ಅರಸರು. ಇಕ್ಕೇರಿಯ ಅಘೋರೇಶ್ವರ, ನಗರದ ಕೋಟೆ, ಕವಲೇದುರ್ಗ ನೋಡಿ ಬೆಳೆದ ಮಕ್ಕಳಿಗೆ ಈ ನಂಟನ್ನು ಹೇಳಿಕೊಡುವುದು ನಿಮ್ಮ ಕೆಲಸ. ಅಲ್ಲಿ ಹೊಳೆಗೆ ಇಳಿಯುವುದು ಮಾತ್ರ ಬೇಡ. ಮೇಲೆ ಅಣೆಕಟ್ಟೆ ಇದೆ. ನೀರು ಬಿಟ್ಟರೆ ಹೊಳೆ ಏಕಾಏಕಿ ಏರುತ್ತದೆ.

ಮುರುಡೇಶ್ವರದಲ್ಲಿ ಬೆಳಿಗ್ಗೆಯೇ ದೇವರ ದರ್ಶನ ಮುಗಿಸಿಕೊಳ್ಳಿ. 123 ಅಡಿಯ ಶಿವನ ಮೂರ್ತಿಯ ಹತ್ತಿರ ಹೋಗಲು ಮೆಟ್ಟಿಲು ಹತ್ತಬೇಕು, ಮಧ್ಯಾಹ್ನ ಕಲ್ಲು ಕಾದು ಬರಿಗಾಲು ಸುಡುತ್ತದೆ. 20 ಅಂತಸ್ತಿನ ರಾಜಗೋಪುರಕ್ಕೆ ಲಿಫ್ಟ್ ಇದೆ. ಅಜ್ಜ ಅಜ್ಜಿಯನ್ನು ಕೆಳಗೆ ಕಾಯಿಸಿ ನೀವಷ್ಟೇ ಮೇಲೆ ಹೋಗಬೇಡಿ, ಅವರನ್ನೂ ಕರೆದುಕೊಂಡು ಹೋಗಿ.

ಈಗ ಕಡಲಿನ ಮಾತು. ಇದನ್ನು ಗಟ್ಟಿಯಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. "ನಾವು ತುಂಗೆಯಲ್ಲಿ ಈಜಿ ಬೆಳೆದವರು, ನಮಗೇನು ಭಯ" ಎನ್ನುತ್ತೀರಿ. ಹೊಳೆ ಒಂದೇ ಕಡೆ ಹರಿಯುತ್ತದೆ. ಕಡಲು ಮುಂದೆ ಬಂದು, ಹಿಂದೆ ಹೋಗುವಾಗ ಕಾಲಡಿಯ ಮರಳನ್ನೇ ಎಳೆದುಕೊಂಡು ಹೋಗುತ್ತದೆ. ಅಲೆ ಕಡಿಮೆ ಕಾಣುವ ಜಾಗದಲ್ಲೇ ನೀರು ಜೋರಾಗಿ ಒಳಕ್ಕೆ ಸೆಳೆಯುವುದುಂಟು. 2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ಹೆಣ್ಣುಮಕ್ಕಳು ಇದೇ ಕಡಲಲ್ಲಿ ತೀರಿಕೊಂಡರು. ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ, ಮೊದಲೇ ಎಚ್ಚರವಿರಿ. ದೊಡ್ಡವರೂ ಮೊಣಕಾಲು ಮಟ್ಟಕ್ಕಿಂತ ಮುಂದೆ ಹೋಗಬೇಡಿ. ಮಕ್ಕಳ ಕೈ ಹಿಡಿದುಕೊಂಡೇ ಇರಿ, ಆ ಹೊತ್ತು ಮೊಬೈಲು ಚೀಲದಲ್ಲಿರಲಿ. ಕೆಂಪು ಬಾವುಟ ಇದ್ದರೆ, ಕಾವಲಿನವರು ಬೇಡವೆಂದರೆ, ವಾದ ಮಾಡದೆ ಹಿಂದೆ ಬನ್ನಿ. ಕುಡಿದು ನೀರಿಗಿಳಿಯುವುದು, ಪಾಚಿಗಟ್ಟಿದ ಬಂಡೆಯ ಮೇಲೆ ನಿಂತು ಸೆಲ್ಫಿ ತೆಗೆಯುವುದು ಎರಡೂ ಬೇಡವೇ ಬೇಡ. ಯಾರಾದರೂ ಸೆಳೆತಕ್ಕೆ ಸಿಕ್ಕರೆ ನೀವೂ ಹಾರಬೇಡಿ. ಕಾವಲಿನವರನ್ನು ಕೂಗಿ, 112ಕ್ಕೆ ಕರೆ ಮಾಡಿ. ಸೆಳೆತಕ್ಕೆ ಸಿಕ್ಕವರು ದಡದ ಕಡೆಗೇ ಹೋರಾಡಿ ಸುಸ್ತಾಗಬಾರದು. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಸೆಳೆತ ತಪ್ಪಿದ ಮೇಲೆ ದಡಕ್ಕೆ ಬರಬೇಕು. ಜೂನಿನಿಂದ ಸೆಪ್ಟೆಂಬರಿನವರೆಗೆ ಕಡಲನ್ನು ದೂರದಿಂದ ನೋಡಿದರೆ ಸಾಕು.

ಮರುದಿನ ಬೆಳಿಗ್ಗೆ ಭಟ್ಕಳಕ್ಕೆ ಹೋಗಿ, ಸುಮಾರು 15 ಕಿ.ಮೀ. ಅಷ್ಟೇ. ಖೇತಪೈ ನಾರಾಯಣ ದೇವಸ್ಥಾನ ನೋಡಿ. ಮಾಡಿಗೂ ಕಲ್ಲಿನ ಹಾಸೇ, ಅದೂ ನಮ್ಮ ಮಲೆನಾಡಿನ ಮನೆಗಳ ಹಾಗೆ ಇಳಿಜಾರು. ಅಷ್ಟು ಮಳೆ ಸುರಿಯುವ ಊರಿನಲ್ಲಿ ಕಟ್ಟಿದವರ ಬುದ್ಧಿ ಅದು. ಗೋಡೆಯ ಕೆತ್ತನೆಗಳನ್ನು ಮಕ್ಕಳಿಗೆ ನಿಧಾನವಾಗಿ ತೋರಿಸಿ. ಮೂರ್ತಿಗಳ ಮೇಲೆ ಕೂರಿಸಿ ಫೋಟೋ ತೆಗೆಯಬೇಡಿ, ಕಲ್ಲಿನ ಮೇಲೆ ಹೆಸರು ಗೀಚಲು ಬಿಡಬೇಡಿ. ಐನೂರು ವರ್ಷದ ಹತ್ತಿರ ಬಾಳಿದ ಕಲ್ಲಿಗೆ ಒಂದು ಮೊಳೆಯ ಗೀರು ಸಾಕು.

ಕುಡಿಯುವ ನೀರು, ಮಜ್ಜಿಗೆ ಮನೆಯಿಂದಲೇ ಒಯ್ಯಿರಿ. ಚಿತ್ರಾನ್ನದ ಪೊಟ್ಟಣ, ಬಾಟಲಿಗಳನ್ನು ಮರಳಿನಲ್ಲಿ ಬಿಟ್ಟು ಬರಬೇಡಿ. ನಿಮ್ಮ ತೋಟದಲ್ಲಿ ಬೇರೆಯವರು ಕಸ ಎಸೆದರೆ ಸುಮ್ಮನಿರುತ್ತೀರಾ? ಅಲ್ಲಿ ಬಲೆ ಬೀಸಿ ಬದುಕುವವರಿಗೂ ಕಡಲೇ ತೋಟ.

ಕೊನೆಯ ಮಾತು: ಸಂಜೆ ಸೂರ್ಯ ಮುಳುಗುವವರೆಗೆ ಕೂತು, ರಾತ್ರಿ ಮಂಜಿನಲ್ಲಿ ಘಟ್ಟ ಹತ್ತುವ ಹಟ ಮಾಡಬೇಡಿ. ಎರಡನೆಯ ದಿನ ಮಧ್ಯಾಹ್ನದ ಊಟ ಮುಗಿಸಿ ಹೊರಡಿ. ಬೆಳಕಿರುವಾಗಲೇ ಘಟ್ಟ ಹತ್ತಿ, ಮನೆ ತಲುಪಿದ ಕೂಡಲೇ ಹಿರಿಯರಿಗೆ ಒಂದು ಫೋನ್ ಮಾಡಿ.